ದಾವಲಮಲಿಕನ ಕಂದು ಹಲ್ಲು

ವಾರದಲ್ಲಿ ಆರು ದಿನ ಹಲ್ಲು ಕೆಡಿಸಿಕೊಂಡು, ಏಳನೆಯ ದಿನ ನಾಲ್ಕು ಜನರ ಮುಂದೆ ಅದನ್ನು ಬೆಳಗಿಸಿಕೊಳ್ಳುವುದು ದಾವಲಮಲಿಕನ ಉದ್ಯೋಗವಾಗಿತ್ತು. ಪಣಜಿಯ ಹತ್ತಿರದ ಚಿಂಬಲ್‌ನ ನಮ್ಮ ಓಣಿಯಲ್ಲಿ ಗಾರೆ ಕೆಲಸದವರಿದ್ದರು, ಲಾರಿ ಡ್ರೈವರುಗಳಿದ್ದರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರಿದ್ದರು. ಬಾಯಿಯನ್ನೇ ಅಂಗಡಿ ಮಾಡಿಕೊಂಡವನು ಅವನೊಬ್ಬನೇ.

ಅವನು ಮುಳಗುಂದದ ಕಡೆಯವನು. ಮಕ್ಕಳು ಉಳಿಯದ ಮನೆಯಲ್ಲಿ, ಅಲ್ಲಿಯ ದಾವಲಮಲಿಕ ಪೀರರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ಪೀರರ ಹೆಸರೇ ಅವನಿಗೆ ಬಂದಿತ್ತು. ಪಣಜಿಯಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ, ಎಂಬತ್ತನೆಯ ಇಸವಿಯ ಸುಮಾರಿಗೆ, ಹೆಂಡತಿ ಖಾತುನಳನ್ನು ಕರೆದುಕೊಂಡು ಗೋವೆಗೆ ಬಂದು ಸಿಮೆಂಟು ಹೊತ್ತ. ಮೂರನೆಯ ವರ್ಷ ಸೊಂಟ ಹಿಡಿದುಕೊಂಡಿತು. ಹೊರಲಾಗದವನು ಕೂತು ಮಾಡುವ ಕೆಲಸ ಹುಡುಕಿದ. ಅವನ ಅಜ್ಜಿ ಊರಲ್ಲಿ ಇದ್ದಿಲು, ಉಪ್ಪು, ಲವಂಗ, ಪಟಿಕ ಕುಟ್ಟಿ ಹಲ್ಲುಪುಡಿ ಮಾಡುತ್ತಿದ್ದಳು. ಅಜ್ಜಿಯ ಪುಡಿಯಿಂದ ಹಲ್ಲು ಬೆಳ್ಳಗಾಗಲು ತಿಂಗಳು ಹಿಡಿಯುತ್ತಿತ್ತು. ಸಂತೆಯ ಜನ ಅಷ್ಟು ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಇವನು ತನ್ನ ಹಳೆಯ ಕಸುಬಿನ ತಿಳಿವಳಿಕೆಯಿಂದ ಅದಕ್ಕೆ ಸಣ್ಣಗೆ ಅರೆದ ಇಟ್ಟಿಗೆ ಸೇರಿಸಿದ. ಕರ್ಪೂರ ಹಾಕಿ ಪರಿಮಳ ಮಾಡಿದ. 'ಮುತ್ತಿನ ಪುಡಿ' ಎಂದು ಹೆಸರಿಟ್ಟ.

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ, ಒಣಮೀನಿನ ಸಾಲು ಮುಗಿದು ಮಡಕೆಗಳ ಸಾಲು ಶುರುವಾಗುವಲ್ಲಿ ಅವನ ಜಾಗ. ಮಗ್ಗುಲಲ್ಲಿ ಲಂಬಾಣಿ ಹೆಂಗಸು ಹೇಮಿಬಾಯಿ ಕನ್ನಡಿ ಹೊಲಿದ ಚೀಲಗಳನ್ನೂ ಮಣಿಸರಗಳನ್ನೂ ಹರಡಿಕೊಂಡು ಪರದೇಶದವರನ್ನು ಕೂಗುತ್ತಿದ್ದಳು. ಅವಳಲ್ಲಿ ಒಂದು ದೊಡ್ಡ ಕೈಗನ್ನಡಿಯಿತ್ತು. ದಾವಲಮಲಿಕನ ವ್ಯಾಪಾರಕ್ಕೆ ಪುಡಿಯಷ್ಟೇ ಆ ಕನ್ನಡಿಯೂ ಬೇಕಾಗುತ್ತಿತ್ತು.

ಮೊದಲು ಅವನು ತುಟಿ ಅಗಲಿಸಿ ತನ್ನ ಕಂದುಹಲ್ಲುಗಳನ್ನು ಎಲ್ಲರಿಗೂ ತೋರಿಸುತ್ತಿದ್ದ. "ಇಪ್ಪತ್ತ ವರ್ಷದ ಎಲಿ-ತಂಬಾಕ್ರಿ!" ಎನ್ನುತ್ತಿದ್ದ. ಆಮೇಲೆ ಎಡಗಡೆಯ ಅರ್ಧ ಬಾಯಿಯನ್ನು ಮಾತ್ರ ತಿಕ್ಕಿ, ಮುಕ್ಕಳಿಸಿ, ಮತ್ತೆ ನಗುತ್ತಿದ್ದ. ಒಂದು ಕಡೆ ಕತ್ತಲೆ, ಒಂದು ಕಡೆ ಬೆಳದಿಂಗಳು. ಗಿರಾಕಿ ಮುಂದೆ ಬಂದರೆ ಅವನಿಗೂ ಅರ್ಧ ಬಾಯಿ ಪುಕ್ಕಟೆ ತಿಕ್ಕಿ, ಕೈಗೆ ಹೇಮಿಬಾಯಿಯ ಕನ್ನಡಿ ಕೊಡುತ್ತಿದ್ದ. ಉಳಿದರ್ಧ ಬೇಕಾದರೆ ಡಬ್ಬಿ ಕೊಳ್ಳಬೇಕು. ಅರ್ಧ ಬಾಯಿ ಬೆಳ್ಳಗಾದವನು ಹಾಗೇ ಮನೆಗೆ ಹೋಗುವುದಾದರೂ ಹೇಗೆ?

ಒಂದು ಶುಕ್ರವಾರ ಬೆಳಗಿದ ಹಲ್ಲು ಮುಂದಿನ ಶುಕ್ರವಾರದ ಹೊತ್ತಿಗೆ ಮತ್ತೆ ಕಂದಾಗಬೇಕಲ್ಲ? ಅದಕ್ಕಾಗಿ ಅವನು ಶನಿವಾರದಿಂದ ಗುರುವಾರದವರೆಗೆ ಎಲೆ, ಅಡಿಕೆ, ಕಾಚು, ತಂಬಾಕು ಜಗಿಯುತ್ತಿದ್ದ. ಮೇಲೆ ಹಾಲಿಲ್ಲದ ಕಡಕ್ ಚಹಾವನ್ನು ಬಾಯಲ್ಲಿ ಹಿಡಿದು ಕೂಡುತ್ತಿದ್ದ. ಮಾತಾಡಿಸಿದರೆ ಕೈಸನ್ನೆ.

"ಉಳಿದ ಮಂದಿ ಉದ್ಯೋಗಕ್ಕ ಹೋಗುಮುಂದ ಹಲ್ಲ ತಿಕ್ಕತಾರ, ನಮ್ಮನಿಯವರು ಹೊಲಸ ಮಾಡ್ಕೋತಾರ" ಎಂದು ಖಾತುನ ಪಕ್ಕದ ಮನೆಯ ನನ್ನ ಹತ್ತಿರ ಹೇಳಿ ನಗುತ್ತಿದ್ದಳು. ಅವಳ ಹಲ್ಲು ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾಗಿದ್ದವು. ಸುಟ್ಟ ತಂಬಾಕಿನ ಆ ಪುಡಿಯನ್ನು ಅವಳು ಬಿಡಲಿಲ್ಲ, ಗಂಡನ ಮುತ್ತಿನ ಪುಡಿಯನ್ನು ಒಂದು ದಿನವೂ ಮುಟ್ಟಲಿಲ್ಲ.

ಸಂತೆಯಲ್ಲಿ ಆಣೆ ಹಾಕದೆ ಏನೂ ಮಾರಾಟವಾಗುವುದಿಲ್ಲ. ದಾವಲಮಲಿಕ ಕಣ್ಣಿನಾಣೆ, ಅನ್ನದಾಣೆ, ಸತ್ತ ಅಜ್ಜಿಯ ಆಣೆ ಎಲ್ಲವನ್ನೂ ಹಾಕುತ್ತಿದ್ದ. ಪೀರರ ಆಣೆಯೊಂದನ್ನು ಮಾತ್ರ ಹಾಕುತ್ತಿರಲಿಲ್ಲ. ಅದು ಖಾತುನಳ ಕಟ್ಟಪ್ಪಣೆ. "ಅವರ ಹೆಸರ ಹೊತ್ತೀರಿ. ಆ ಹೆಸರಿಲೆ ಸುಳ್ಳ ಹೇಳಿದ್ರ ಅವತ್ತ ನಾ ಊರಿನ ಬಸ್ ಹತ್ತತೇನಿ" ಎಂದು ಹೇಳಿಬಿಟ್ಟಿದ್ದಳು. ಅವಳು ಹೇಳಿದರೆ ಮಾಡುವ ಪೈಕಿ. ಅದು ಅವನಿಗೂ ಗೊತ್ತಿತ್ತು.

ಎಂಬತ್ತೆಂಟರಲ್ಲಿ ಡಿಚೋಲಿಯ ಗಣಿಯ ಕಡೆಯಿಂದ ಪರಮಣ್ಣ ಎಂಬ ಮುಕಾದಮ ಸಂತೆಗೆ ಬಂದ. ಅದಿರು ತುಂಬುವ ಒಂದು ದೊಡ್ಡ ಗುಂಪು ಅವನ ಕೈಕೆಳಗಿತ್ತು. ಎಲ್ಲರೂ ನಮ್ಮ ಕಡೆಯವರೇ. ಕೆಂಪು ಧೂಳು ಮತ್ತು ಗುಟಕಾ ಸೇರಿ ಅವರ ಬಾಯಿಗಳು ಗಣಿಯ ಬಣ್ಣಕ್ಕೇ ತಿರುಗಿದ್ದವು.

"ಪುಡಿ ಖರೇನ ಕೆಲಸ ಮಾಡತೈತಿ ಅಂದ್ರ ನಮ್ಮ ಮಂದಿಗೆಲ್ಲಾ ತಿಂಗಳಾ ನಿನ್ನ ಕಡಿಂದನ ತರಸ್ತೇನಿ" ಎಂದ ಪರಮಣ್ಣ. "ಬರೂ ಶುಕ್ರವಾರ ನಾನ ಬಂದು ಕಣ್ಣಾರೆ ನೋಡತೇನಿ, ಸಾಬಣ್ಣಾ."

ದಾವಲಮಲಿಕನಿಗೆ ಇದು ಸಣ್ಣ ಮಾತಾಗಿರಲಿಲ್ಲ. ಹಿಡಿದ ಸೊಂಟ ಬಿಟ್ಟಿರಲಿಲ್ಲ. ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೂಗುವುದು ವರ್ಷವರ್ಷಕ್ಕೆ ಕಷ್ಟವಾಗುತ್ತಿತ್ತು. ಡಿಚೋಲಿಯ ಗಿರಾಕಿ ಸಿಕ್ಕರೆ ಮನೆಯಲ್ಲೇ ಕೂತು ಪುಡಿ ಕುಟ್ಟಿ ಕಳಿಸಿದರಾಯಿತು.

ಅದೇ ವಾರ ಅವನ ಮೇಲಿನ ಮುಂಬಲ್ಲು ಝುಮ್ಮೆನ್ನತೊಡಗಿತು. ತಣ್ಣೀರು ತಾಗಿದರೆ ನೆತ್ತಿಯವರೆಗೆ ಏರುತ್ತಿತ್ತು. ಎಡಗಡೆಯ ಆ ಹಲ್ಲು ವಸಡಿನ ಹತ್ತಿರದಿಂದ ಅರ್ಧದವರೆಗೆ ಸವೆದು ತಗ್ಗು ಬಿದ್ದಿತ್ತು. ಹಲ್ಲಿನ ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು ಆಗಾಗ ನಮ್ಮ ಓಣಿಗೆ ಬಂದು ಹುಳುಕು ಹಲ್ಲಿನವರನ್ನು ಹುಡುಕಿ ಕರೆದುಕೊಂಡು ಹೋಗುತ್ತಿದ್ದರು. ಅವರ ಪರೀಕ್ಷೆಗೆ ನಮ್ಮವರ ಬಾಯಿ ಬೇಕಾಗುತ್ತಿತ್ತು. ಅವರಲ್ಲಿ ಸುಹಾಸಿನಿ ಎಂಬವಳು ಧಾರವಾಡದ ಕಡೆಯ ಮನೆತನದವಳು, ತಂದೆ ಪಣಜಿಯಲ್ಲಿ ಆಫೀಸಿನವರು. ಅವಳ ಕೊನೆಯ ವರ್ಷದ ಪರೀಕ್ಷೆಗೆ ಒಂದು ಮುಂಬಲ್ಲು ತುಂಬಿ ತೋರಿಸುವುದು ಬಾಕಿ ಇತ್ತು. ಬುಧವಾರ ದಾವಲಮಲಿಕ ಅವಳ ಕುರ್ಚಿಯಲ್ಲಿ ಬಾಯಿ ತೆರೆದು ಕೂತ.

"ಏನ ಹಚ್ಚತೀರಿ ಮಾಮಾ ಹಲ್ಲಿಗೆ? ಸಾಣಿ ಹಿಡಿದಂಗ ಸವದದ."

"ಏನಿಲ್ರಿ ಡಾಕ್ಟರಬಾಯಾರ. ಸಂತ್ಯಾಗಿಂದು ಒಂದ ಪುಡಿ."

"ಆ ಪುಡಿ ಮಾಡಿದವನ್ನ ಹಿಡದು ಜೇಲಿಗೆ ಹಾಕಬೇಕ್ರಿ."

"ಹೌದ್ರಿ, ಹಾಕಬೇಕ್ರಿ" ಎಂದ ದಾವಲಮಲಿಕ.

ದವಡೆ ಹಲ್ಲಾಗಿದ್ದರೆ ಬೆಳ್ಳಿಬಣ್ಣದ ಸಿಮೆಂಟು ತುಂಬುತ್ತಿದ್ದರಂತೆ. ಮುಂಬಲ್ಲಾದ್ದರಿಂದ ಹಲ್ಲಿನ ಬಣ್ಣದ್ದೇ ಬೇಕು. ಅವಳು ಒಂದು ಪಟ್ಟಿ ತೆಗೆದಳು. ಅದರಲ್ಲಿ ಹಾಲಿನ ಬಣ್ಣದಿಂದ ಹಿಡಿದು ಒಣ ಅರಿಶಿನದ ಬಣ್ಣದವರೆಗೆ ಸಾಲಾಗಿ ಮಾದರಿ ಹಲ್ಲುಗಳಿದ್ದವು. ಒಂದೊಂದನ್ನೇ ಅವನ ಹಲ್ಲಿನ ಪಕ್ಕ ಹಿಡಿದು ನೋಡಿ ಸುಹಾಸಿನಿ ಪಟ್ಟಿಯನ್ನು ಕೆಳಗಿಟ್ಟಳು.

"ಇದರಾಗ ನಿಮ್ಮ ಬಣ್ಣನ ಇಲ್ಲ. ಮೊದಲ ಹಲ್ಲು ಪೂರಾ ಸ್ವಚ್ಛ ಮಾಡೋಣು. ಕಲಿ ಹೋದಮ್ಯಾಲೆ ಖರೇ ಬಣ್ಣ ಕಾಣ್ತದ, ಅದಕ್ಕ ಹೊಂದಿಸಿ ತುಂಬತೀನಿ."

ದಾವಲಮಲಿಕ ಕುರ್ಚಿಯಲ್ಲಿ ಎದ್ದು ಕೂತ. ಐದು ದಿನ ಜಗಿದ ಎಲೆ, ಹಿಡಿದ ಚಹಾ, ನಾಡಿದ್ದು ಬರುವ ಪರಮಣ್ಣ, ಎಲ್ಲವೂ ಕಣ್ಣ ಮುಂದೆ ಬಂತು.

"ಸ್ವಚ್ಛ ಬ್ಯಾಡ್ರಿ. ಹಿಂಗ ಇರಲಿ. ಇದ ಬಣ್ಣಕ್ಕ ಹೊಂದಸ್ರಿ."

"ಇದು ಬಣ್ಣ ಅಲ್ರಿ, ಹೊಲಸು."

"ಹೊಲಸ ನಂದ ಐತ್ರಿ, ಇರಲಿ."

"ನೋಡ್ರಿ, ಸಿಮೆಂಟಿಗೆ ಯಾವ ಬಣ್ಣ ಹಾಕಿದೆವೋ ಅದ. ಮುಂದ ನೀವು ಹಲ್ಲು ಎಷ್ಟ ಬೆಳ್ಳಗ ಮಾಡ್ಕೊಂಡ್ರೂ ಇದು ಬೆಳ್ಳಗಾಗೂದಿಲ್ಲ."

ಮೂರು ವರ್ಷ ಸಿಮೆಂಟು ಹೊತ್ತವನಿಗೆ ಸಿಮೆಂಟಿನ ಬಗ್ಗೆ ಈ ಹುಡುಗಿ ಹೇಳುತ್ತಾಳಲ್ಲ ಎಂದುಕೊಂಡು ಅವನು ತಲೆಯಾಡಿಸಿದ. ಅವಳೂ ಹೆಚ್ಚು ಒತ್ತಾಯ ಮಾಡಲಿಲ್ಲ. ಪರೀಕ್ಷೆ ಹತ್ತಿರವಿತ್ತು, ಈ ಬಾಯಿ ಎದ್ದು ಹೋದರೆ ಇನ್ನೊಂದು ಸಿಗಬೇಕು. ಇದ್ದುದರಲ್ಲೇ ಗಾಢವಾದದ್ದನ್ನು ಆರಿಸಿ, ಮೇಲೆ ಚೂರು ಕಂದು ಬಣ್ಣ ಬೆರೆಸಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದಳು. ಕೆಲಸ ಬಹಳ ಚೊಕ್ಕಟವಾಗಿತ್ತು. ಮನೆಗೆ ಬಂದಾಗ ಯಾವ ಹಲ್ಲು ತುಂಬಿಸಿದ್ದೆಂದು ಖಾತುನಳಿಗೆ ಹುಡುಕಲಾಗಲಿಲ್ಲ.

"ಇಷ್ಟ ಚಂದ ಹೊಲಸ ಯಾರ ಮಾಡಿಕೊಟ್ರು ನಿಮಗ?" ಎಂದಳು.

ಶುಕ್ರವಾರ ಪರಮಣ್ಣ ಇಬ್ಬರನ್ನು ಕಟ್ಟಿಕೊಂಡು ಬಂದು ಎದುರಿಗೇ ನಿಂತ. ದಾವಲಮಲಿಕ ಎಂದಿಗಿಂತ ಹೆಚ್ಚು ಹುರುಪಿನಿಂದ ಕೂಗಿದ, ಕಂದುಹಲ್ಲು ತೋರಿಸಿದ, ಎಡಗಡೆ ತಿಕ್ಕಿದ, ಮುಕ್ಕಳಿಸಿದ, ನಕ್ಕ. ಕನ್ನಡಿ ಕೊಡಲು ಬಂದ ಹೇಮಿಬಾಯಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಮಲಿಕಣ್ಣಾ, ಕನ್ನಡಿ ನೋಡಬ್ಯಾಡೋ."

ಅವನು ಕಸಿದುಕೊಂಡು ನೋಡಿದ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಯಾರೋ ಎಲೆಯಡಿಕೆ ಉಗುಳಿದ ಹಾಗೆ, ಬೆಳ್ಳಗಿನ ಹಲ್ಲುಗಳ ನಡುವೆ ಒಂದು ಕಂದು ತೇಪೆ. ಮತ್ತೆ ತಿಕ್ಕಿದ. ವಸಡಿನಲ್ಲಿ ರಕ್ತ ಬಂತು, ತೇಪೆ ಅಲ್ಲಾಡಲಿಲ್ಲ. ಜನ ನಗತೊಡಗಿದರು.

"ಇದೊಂದ ಯಾಕ ಬೆಳ್ಳಗಾಗಲಿಲ್ಲ?" ಎಂದು ಪರಮಣ್ಣ ಕೇಳಿದ.

"ಇದ ಹಲ್ಲ ಅಲ್ರಿ ಮುಕಾದಮರ, ಸಿಮೆಂಟ."

"ಸಿಮೆಂಟ ಕಂದು ಯಾಕ ಹಾಕಿಸಿದಿ?"

"ಹಲ್ಲ ಕಂದು ಇದ್ದುವಲ್ರಿ."

"ಮನ್ಯಾಗ ಮುತ್ತಿನ ಪುಡಿ ಇಟಗೊಂಡು ಹಲ್ಲ ಯಾಕ ಕಂದು ಇದ್ದುವು?"

ಇದಕ್ಕೆ ಉತ್ತರವಿತ್ತು. ಸಂತೆಯಲ್ಲಿ ಹೇಳುವಂಥದ್ದಾಗಿರಲಿಲ್ಲ.

"ಹಂಗಾರ ದಾವಲಮಲಿಕ ಪೀರರ ಆಣಿ ಮಾಡು" ಎಂದ ಪರಮಣ್ಣ. "ಇದು ಸಿಮೆಂಟ, ಪುಡ್ಯಾಗ ಮೋಸ ಇಲ್ಲಂತ ಆಣಿ ಮಾಡು. ಒಪ್ಪತೇನಿ."

ಅಷ್ಟು ವರ್ಷಗಳ ವ್ಯಾಪಾರದಲ್ಲಿ ದಾವಲಮಲಿಕ ಆ ದಿನ ಮೊದಲ ಸಲ ನಿಜ ಹೇಳಿದ್ದ. ಅದನ್ನು ಯಾರೂ ನಂಬಲಿಲ್ಲ. ನಂಬಿಸಲು ಪೀರರ ಹೆಸರು ಎತ್ತಿದರೆ ಆ ಒಂದು ನಿಜದ ಬಾಲ ಹಿಡಿದು ಉಳಿದ ನಿಜಗಳೂ ಹೊರಗೆ ಬರಬೇಕು. ಇಟ್ಟಿಗೆಯೂ ಬರಬೇಕು. ಅವನು ಡಬ್ಬಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ.

"ಒಂದ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಬರ್ತೇನಿ" ಎಂದ ಪರಮಣ್ಣ. "ಅವತ್ತ ಆಣಿ ಹಾಕಿ ತೋರಸು. ಇಲ್ಲಂದ್ರ ನೀ ಕಳ್ಳ ಅಂತ ಡಿಚೋಲಿ ತುಂಬ ಡಂಗುರ ಹೊಡಸ್ತೇನಿ."

ದಾವಲಮಲಿಕ ಗಂಟು ಕಟ್ಟಿಕೊಂಡು ಜುಮ್ಮಾ ನಮಾಜಿಗೆ ಹೋದ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವುಜೂ ಮಾಡುವಾಗ ಮೂರು ಸಲ ಬಾಯಿ ಮುಕ್ಕಳಿಸಬೇಕು. ಮೂರು ಸಲವೂ ನಾಲಗೆ ಹೋಗಿ ಆ ತೇಪೆಯ ಮೇಲೇ ನಿಂತಿತು ಎಂದು ಅವನೇ ಹೆಂಡತಿಗೆ ಹೇಳಿದನಂತೆ.

ಶನಿವಾರ ಮತ್ತೆ ಸುಹಾಸಿನಿಯ ಮುಂದೆ ಕೂತ. ಅವಳು ನೋಡಿ ನಗು ತಡೆದುಕೊಂಡಳು.

"ಹೇಳಿದ್ದೆ ಇಲ್ರಿ ಮಾಮಾ? ಬೆಳ್ಳಗಾಗೂದು ಹಲ್ಲು, ಸಿಮೆಂಟಲ್ಲ. ಉಳಿದ ಅರ್ಧ ಬಾಯಿನೂ ಈಗ ಸ್ವಚ್ಛ ಮಾಡತೀನಿ. ಮುಂದ ಎರಡು ವಾರ ಎಲಿ-ತಂಬಾಕು ಪೂರಾ ಬಿಡ್ರಿ, ಚಹಾ ಕಡಿಮಿ ಮಾಡ್ರಿ. ಹಲ್ಲಿನ ಬಣ್ಣ ಒಂದ ಕಡೆ ನಿಲ್ಲಲಿ. ಆಮ್ಯಾಲೆ ಇದನ್ನ ತೆಗದು ಆ ಬಣ್ಣಕ್ಕ ಹೊಸಾದು ತುಂಬತೀನಿ."

"ಅದು ಬೆಳ್ಳಗ ಉಳೀತೈತೇನ್ರಿ?"

"ಜಗದ್ರ ಅದೂ ಕಲಿ ಹಿಡೀತದ. ಆ ಪುಡಿ ತಿಕ್ಕಿ ಗೀರು ಬಿತ್ತಂದ್ರ ಇನ್ನೂ ಲಗೂನ ಹಿಡೀತದ. ಹಲ್ಲು ಒಂದ ಬಣ್ಣ, ಅದು ಒಂದ ಬಣ್ಣ ಆಗ್ತದ ಮತ್ತ."

"ಹಂಗಾರ ನಾ ಯಾವ ಬಣ್ಣ ಹಾಕಸಲ್ರಿ?"

"ಅದನ್ನ ನೀವ ಹೇಳಬೇಕ್ರಿ. ನಿಮ್ಮ ಬಣ್ಣ ಯಾವುದು?"

ದಾವಲಮಲಿಕ ಕುರ್ಚಿಯಿಂದ ಎದ್ದು, "ಬಾಯಾರ, ಆ ಜೇಲಿಗೆ ಹಾಕಬೇಕಾದಾಂವ ನಾನ ರಿ" ಎಂದ.

ಎರಡು ವಾರ ಅವನು ಎಲೆ ಮುಟ್ಟಲಿಲ್ಲ. ತಲೆ ಹಿಡಿದುಕೊಂಡು ಕೂತ, ಸಿಡುಕಿದ, ಅಡಿಕೆಯ ಬದಲು ಹುರಿಗಡಲೆ ಅಗಿದ. ಸಂತೆಗೆ ಹೋಗಲಿಲ್ಲ. ಒಂದು ದಿನ ಖಾತುನ ರೊಟ್ಟಿ ಬಡಿಯುತ್ತ ಅವನ ಬಾಯಿ ನೋಡಿ, "ನಿಕಾ ಆದಾಗ ಹಿಂಗ ಇದ್ದುವು" ಎಂದು ಹೇಳಿ, ಹೇಳಿದ್ದಕ್ಕೆ ನಾಚಿ, ಒಲೆಯ ಕಡೆ ತಿರುಗಿಕೊಂಡಳು. ಇದನ್ನು ನನಗೆ ಹೇಳುವಾಗಲೂ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಎರಡು ವಾರ ಮುಗಿದ ಮರುದಿನವೇ, ಶನಿವಾರ, ಹೊಸ ಸಿಮೆಂಟು ತುಂಬುವುದಿತ್ತು. ಪರಮಣ್ಣ ಬರುವುದು ಶುಕ್ರವಾರ. ಒಂದು ದಿನ ಹಿಂದೆಮುಂದೆ.

ಹೀಗಾಗಿ ಆ ಶುಕ್ರವಾರ ದಾವಲಮಲಿಕ ಬಿಳಿಹಲ್ಲು ಮತ್ತು ಒಂದು ಕಂದು ತೇಪೆ ಇಟ್ಟುಕೊಂಡು ಸಂತೆಯಲ್ಲಿ ಕೂತ.

"ಇವತ್ತ ಏನ ತಿಕ್ಕತಿ? ಹೊಲಸನ ಇಲ್ಲಲ್ಲೋ" ಎಂದಳು ಹೇಮಿಬಾಯಿ.

ಪರಮಣ್ಣ ಬಂದ. ಹಿಂದಿನ ಸಲದ ತಮಾಷೆ ಕೇಳಿದವರೂ ಬಂದು ಸುತ್ತ ನೆರೆದರು. ದಾವಲಮಲಿಕ ಎದ್ದು ನಿಂತು, ತಲೆಗೆ ರುಮಾಲು ಹಾಕಿಕೊಂಡು, ಮುಳಗುಂದ ಇರುವ ದಿಕ್ಕಿಗೆ ತಿರುಗಿದ.

"ದಾವಲಮಲಿಕ ಪೀರರ ಆಣಿ ಹಾಕಿ ಹೇಳತೇನಿ, ಕೇಳ್ರಿ. ಈ ಹಲ್ಲ ಖೊಟ್ಟಿ. ಪುಡಿ ಖರೇ ಹಲ್ಲ ಬೆಳ್ಳಗ ಮಾಡತೈತಿ, ಖೊಟ್ಟಿ ಹಲ್ಲ ಮಾಡೂದಿಲ್ಲ. ವಾರಾ ನಾನ ಎಲಿ ಜಗದು ಹಲ್ಲ ಕೆಡಿಸ್ಕೊಂಡು ಬರ್ತಿದ್ದೆ, ನಿಮಗ ತೋರಸಾಕ. ಪುಡ್ಯಾಗ ಇಟ್ಟಂಗಿ ಐತಿ. ಭಾಳ ತಿಕ್ಕಿದ್ರ ಹಲ್ಲ ಸವೀತಾವು, ನಂದ ಸವದೈತಿ. ಇಷ್ಟ."

ಇನ್ನು ಕಲ್ಲು ಬೀಳುತ್ತವೆ ಎಂದು ಹೇಮಿಬಾಯಿ ಕನ್ನಡಿಯನ್ನು ಚೀಲದೊಳಗೆ ಹಾಕಿಕೊಂಡಳು. ಆಗ ಹಿಂದಿನಿಂದ ಒಬ್ಬ ಮುದುಕ, "ಅಂದ್ರ ಪುಡಿ ತಿಕ್ಕಿದ್ರ ಯಾವ ಹಲ್ಲ ಖರೇ, ಯಾವುದು ಖೊಟ್ಟಿ ಗೊತ್ತಾಕ್ಕೈತೇನು?" ಎಂದ.

ದಾವಲಮಲಿಕ ಇದನ್ನು ಯೋಚಿಸಿರಲಿಲ್ಲ. "ಗೊತ್ತಾಕ್ಕೈತ್ರಿ" ಎಂದ.

"ಹಂಗಾರ ಒಂದ ಡಬ್ಬಿ ಕೊಡು. ನಮ್ಮ ಹುಡುಗಗ ಹೆಣ್ಣ ನೋಡಾಕ ಹೊಂಟೇವಿ."

"ನನಗೂ ಒಂದ ಕೊಡೋ ಯಪ್ಪಾ" ಎಂದು ಭಾಗವ್ವ ಎಂಬ ಹೂಮಾರುವವಳು ಒಳಗೆ ನುಗ್ಗಿದಳು. "ನನ್ನ ಅಳಿಯಾ ಭಾಳ ನಗತಾನ. ಆ ನಗಿ ಮ್ಯಾಲ ನನಗ ಮೊದಲಿಂದ ಸಂಶೇ ಐತಿ."

ಇಟ್ಟಿಗೆಯ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ತಮ್ಮ ಹಲ್ಲು ಬೆಳ್ಳಗಾಗಲಿ ಎಂದು ಅಷ್ಟು ದಿನ ಚೌಕಾಸಿ ಮಾಡುತ್ತಿದ್ದ ಜನ, ಇನ್ನೊಬ್ಬರ ಹಲ್ಲಿನ ಗುಟ್ಟು ತಿಳಿಯಲು ಚೌಕಾಸಿಯನ್ನೂ ಮಾಡಲಿಲ್ಲ. ಹೇಮಿಬಾಯಿ ಕನ್ನಡಿಯನ್ನು ಮತ್ತೆ ಹೊರಗೆ ತೆಗೆದಳು.

"ಮುಕಾದಮರ, ನೀವೂ ಒಂದ ಸಲ ತಿಕ್ಕಿ ನೋಡ್ರಲಾ" ಎಂದು ಯಾರೋ ಕೂಗಿದರು.

ಪರಮಣ್ಣ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತ, ಟವೆಲ್ಲನ್ನು ಅಲ್ಲೇ ಹಿಡಿದುಕೊಂಡು, ತನಗೆ ಹೊತ್ತಾಯಿತೆಂದ. ಪುಡಿ ಒಪ್ಪಿಗೆಯಾಗಿದೆ, ತಿಂಗಳಾ ಕಳಿಸು ಎಂದ. ಅದನ್ನೆಲ್ಲ ಟವೆಲ್ಲಿನ ಹಿಂದಿನಿಂದಲೇ ಹೇಳಿದ.

ಮರುದಿನ ಸುಹಾಸಿನಿ ಪಟ್ಟಿ ಹಿಡಿದುಕೊಂಡು ಕಾದಳು. ದಾವಲಮಲಿಕ ಹೋಗಲಿಲ್ಲ. "ಇದು ಇರಲಿ, ಇದ ನಮ್ಮ ಅನ್ನ" ಎಂದ ಖಾತುನಳಿಗೆ. ಅವಳು ಪುಡಿಗೆ ಇಟ್ಟಿಗೆ ಹಾಕುವುದನ್ನು ಬಿಡಿಸಿದಳು. ಅಷ್ಟು ಮಾಡಿಸಿದ ಮೇಲೆ, "ಇಷ್ಟ ವರ್ಷದಾಗ ಒಂದ ಖರೇ ಮಾತ ಹೇಳಿದ್ರಿ. ಅದನ್ನೂ ಮಾರಿಬಿಟ್ರಿ" ಎಂದಳು.

ಎಂಟು ವರ್ಷ ಹೀಗೇ ನಡೆಯಿತು. ಡಿಚೋಲಿಗೆ ತಿಂಗಳಾ ಪುಡಿ ಹೋಗುತ್ತಿತ್ತು. ಆದರೂ ಅವನು ಶುಕ್ರವಾರದ ಸಂತೆ ಬಿಡಲಿಲ್ಲ. ಪೀರರ ಆಣೆ ಹಾಕಿ, ಕಂದುಹಲ್ಲಿನ ಮೇಲೆ ಬೆರಳಿಟ್ಟು, "ಖರೇ ಯಾವುದು, ಖೊಟ್ಟಿ ಯಾವುದು ನೋಡ್ಕೊಳ್ರಿ" ಎನ್ನುವುದರಲ್ಲಿ ಅವನಿಗೆ ಒಂದು ಬಗೆಯ ಘನತೆ ಬಂದಿತ್ತು. ಜನ ಅವನನ್ನು ಸತ್ಯವಂತನೆಂದು ಕರೆಯುತ್ತಿದ್ದರು. ಆ ಮಾತನ್ನು ಅವನು ಬೇಡವೆನ್ನಲಿಲ್ಲ. ಸಿಮೆಂಟು ಮಾತ್ರ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತ ಬಂತು. ಅಂಚಿನಲ್ಲಿ ಕಾಡಿಗೆಯ ಗೆರೆ ಎಳೆದಂತಾಯಿತು. ತೊಂಬತ್ತಾರರಲ್ಲಿ ಒಂದು ದಿನ ಪೇರಲಹಣ್ಣು ಕಚ್ಚಿದಾಗ ಅದು ಕಿತ್ತು ಕೈಗೆ ಬಂತು.

ಆ ಹೊತ್ತಿಗೆ ಸುಹಾಸಿನಿ ಪಣಜಿಯಲ್ಲಿ ಸ್ವಂತ ದವಾಖಾನೆ ತೆರೆದಿದ್ದಳು. ಹಲ್ಲು ಬೆಳ್ಳಗಾಗಿಸುವ ಪರದೇಶದ ಔಷಧ ಆಗಷ್ಟೇ ಬಂದಿತ್ತು. ಮದುವೆಗೆ ತಿಂಗಳಿದೆ ಎನ್ನುವಾಗ ಹುಡುಗ ಹುಡುಗಿಯರು ಸಾಲುಗಟ್ಟುತ್ತಿದ್ದರು. ಅವರಿಗೆಲ್ಲ ಅವಳು ಅದೇ ಪಾಠ ಒಪ್ಪಿಸುತ್ತಿದ್ದಳು: ಮೊದಲು ಬೆಳ್ಳಗೆ ಮಾಡಿಕೊಳ್ಳಿ, ಎರಡು ವಾರ ತಡೆಯಿರಿ, ಆಮೇಲೆ ಸಿಮೆಂಟು. ಆ ಸಾಲಿನಲ್ಲಿ ದಾವಲಮಲಿಕನೂ ಕೂತ.

"ಅಗದೀ ಚಲೋ ಬೆಳ್ಳಗ ಅವ ಮಾಮಾ ಹಲ್ಲು. ಈ ಸಲ ಸರಿಯಾಗಿ ಹೊಂದಿಸಿ ಹಾಕತೀನಿ."

"ಕಂದು ಹಾಕ್ರಿ ಬಾಯಾರ."

"ಏನಂದ್ರಿ?"

"ಮದಲಿನಂಗ. ಕಂದು."

ಅವಳು ಪಟ್ಟಿ ಹಿಡಿದುಕೊಂಡು ಅವನನ್ನೇ ನೋಡಿದಳು. "ಎಲ್ಲಾರೂ ಬಿಳೀದು ಬೇಕು ಅಂತ ಬರ್ತಾರ್ರಿ. ಹತ್ತು ವರ್ಷದಾಗ ಕಂದು ಕೇಳಿದವರು ನೀವೊಬ್ಬರ. ಅದೂ ಎರಡನೇ ಸಲ!" ಎಂದಳು. ನಕ್ಕಳು, ಬೇಡವೆಂದು ಹೇಳಿ ನೋಡಿದಳು. ಕೊನೆಗೆ ಪಟ್ಟಿಯ ಕಟ್ಟಕಡೆಯದನ್ನು ಆರಿಸಿ, ಕಂದು ಬೆರೆಸಿ ತುಂಬಿದಳು. ಈ ಸಲವೂ ಕೆಲಸ ಚೊಕ್ಕಟವಾಗಿತ್ತು.

ಖಾತುನ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಮದಲಿಂದು ತಪ್ಪಿಲೆ ಆಗಿತ್ತು. ಇದನ್ನ ಹೇಳಿ ಮಾಡಿಸ್ಕೊಂಡು ಬಂದ್ರಿ."

"ಖೊಟ್ಟಿ ಹಲ್ಲಿಗೆ ಖೊಟ್ಟಿ ಅಂತನ ಹೇಳತೇನಲಾ? ಸುಳ್ಳೇನ ಐತಿ ಇದರಾಗ?"

"ನಾ ಏನ ಅಂದೆ? ಆಣಿ ಹಾಕಾವರು ನೀವು" ಎಂದು ಅವಳು ಮಿಶ್ರಿಯ ಡಬ್ಬಿ ತೆಗೆದುಕೊಂಡು ಹೊರಗೆ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು. ಮಿಶ್ರಿ ತಿಕ್ಕತೊಡಗಿದಳು.

ಶುಕ್ರವಾರ ದಾವಲಮಲಿಕ ಎಂದಿನಂತೆ ಕೂಗಿದ. ಜನ ಸೇರಿದರು. ಎದ್ದು ನಿಂತ, ರುಮಾಲು ಹಾಕಿಕೊಂಡ, ಮುಳಗುಂದದ ದಿಕ್ಕಿಗೆ ತಿರುಗಿದ. ನಾಲಗೆ ಹೋಗಿ ಆ ಹೊಸ ಹಲ್ಲನ್ನು ಮುಟ್ಟಿತು. ಅದು ಬಹಳ ನುಣುಪಾಗಿತ್ತು, ಹೇಳಿ ಮಾಡಿಸಿಕೊಂಡದ್ದು. ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಹೇಮಿಬಾಯಿ, ಕನ್ನಡಿ ಕೊಡವಾ."

"ಕೊಡತೇನಿ. ಆಣಿ ಎಲ್ಲಿ ಹೋತೋ ಮಲಿಕಣ್ಣಾ?"

"ಇವತ್ತ ಗದ್ದಲ ಭಾಳ ಐತಿ. ನೀ ಕನ್ನಡಿ ಕೊಡು."

ಪುಡಿ ಆ ದಿನವೂ ಖಾಲಿಯಾಯಿತು. ಆಣೆ ಬಿಟ್ಟುಹೋದದ್ದು ಹೇಮಿಬಾಯಿಯ ಹೊರತು ಯಾರಿಗೂ ತಿಳಿಯಲಿಲ್ಲ. ಮುಂದಿನ ಶುಕ್ರವಾರವೂ ಅವನು ಅದನ್ನು ಹಾಕಲಿಲ್ಲ, ಅದರ ಮುಂದಿನ ಶುಕ್ರವಾರವೂ ಹಾಕಲಿಲ್ಲ. ಗಂಟು ಕಟ್ಟಿ ನಮಾಜಿಗೆ ಹೋದರೆ ಮೂರು ಸಲ ಮುಕ್ಕಳಿಸುವಲ್ಲಿ ಐದಾರು ಸಲ ಮುಕ್ಕಳಿಸುತ್ತಾನೆ, ಹಿಂದೆ ಸಾಲಿನಲ್ಲಿ ನಿಂತವರು ಬೈಯುತ್ತಾರೆ ಎಂದು ಖಾತುನ ಹೇಳುತ್ತಿದ್ದಳು.